ಹಳೇ ಮಾರಿಸ್ ಮೈನರ್‌ನ ಪೆಟ್ರೋಲ್ ಮುಳ್ಳು ಸದಾ ಫುಲ್ ತೋರಿಸುತ್ತಿದೆ, ಟ್ಯಾಂಕ್ ಸೆಂಡರ್ ಬದಲಿಸಬೇಕಾ?

ಈಗಲೇ ಬದಲಿಸಬೇಡಿ. (ಸೆಂಡರ್ ಅಂದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ಮುಳ್ಳಿಗೆ ತಿಳಿಸುವ ಭಾಗ.) ಮೊದಲು ಹತ್ತು ನಿಮಿಷ ಕೊಟ್ಟು ಒಂದು ಪರೀಕ್ಷೆ ಮಾಡಿ.

ನಿಮ್ಮದು 1955ರ ಗಾಡಿ, ಟ್ಯಾಂಕ್ ಇಳಿಸಿ ತುಕ್ಕು ತೆಗೆಸಿ ಬಣ್ಣ ಹೊಡೆಸಿದ ಮೇಲೆ ಮುಳ್ಳು ಎಫ್ (ಫುಲ್) ಬಿಟ್ಟು ಕದಲುತ್ತಿಲ್ಲ, ಮೆಕ್ಯಾನಿಕ್ ಬೇರೆ ಸೆಂಡರ್ ಹಾಕೋಣ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ನನ್ನ ಹತ್ತಿರ ಇರುವುದೂ ಅದೇ ಕಾಲದ ಮೈನರ್, ತಾತನದು. ನಾನು ಒಂದು ಗ್ಯಾರೇಜಿನ ಮಾತು ಕೇಳಿ ಬೇರೆ ಸೆಂಡರ್ ಹಾಕಿಸಿದೆ. ಅಮ್ಮನನ್ನು ಕೂರಿಸಿಕೊಂಡು ಮೈಸೂರಿಗೆ ಹೊರಟವನು ಮದ್ದೂರು ದಾಟಿ ರಸ್ತೆ ಪಕ್ಕ ನಿಂತೆ. ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇಲ್ಲ. ಮುಳ್ಳು ಮಾತ್ರ ಎಫ್ ಮೇಲೇ ಇತ್ತು.

ಕಾರಣ ಆಮೇಲೆ ತಿಳಿಯಿತು. ನಮ್ಮ ಗಾಡಿಗಳ ಗೇಜ್, ಅಂದರೆ ಮುಳ್ಳಿರುವ ಮೀಟರ್, ಒಳಗೆ ಎರಡು ಕಾಯಿಲ್ ಇವೆ. ಟ್ಯಾಂಕ್ ಖಾಲಿಯಿದ್ದಾಗ ಸೆಂಡರ್ ಸುಮಾರು ಸೊನ್ನೆ ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ತುಂಬಿದಾಗ ಸುಮಾರು 70 ಓಮ್ ತೋರಿಸಬೇಕು. 1960ರ ದಶಕದ ನಡುವಿನಿಂದ ಬ್ರಿಟಿಷ್ ಕಾರುಗಳಿಗೆ ಬೇರೆ ಥರದ ಗೇಜ್ ಬಂತು, ಜೊತೆಗೆ ವೋಲ್ಟೇಜ್ ಸ್ಥಿರವಾಗಿಡುವ 10 ವೋಲ್ಟಿನ ಸ್ಟೆಬಿಲೈಸರ್. ಅದರ ಸೆಂಡರ್ ಲೆಕ್ಕ ಪೂರ್ತಿ ಉಲ್ಟಾ: ಖಾಲಿಗೆ ಸುಮಾರು 240 ಓಮ್, ಫುಲ್‌ಗೆ 20ರ ಆಸುಪಾಸು. ನೋಡಲು ಎರಡೂ ಒಂದೇ ಥರ ಇರುತ್ತವೆ. ನನ್ನ ಗಾಡಿಗೆ ಬಂದು ಕೂತಿದ್ದು ಈ ಎರಡನೆಯದು. ಪೆಟ್ರೋಲ್ ಖಾಲಿಯಾಗುತ್ತಾ ಹೋದಂತೆ ಮುಳ್ಳು ಮೇಲೇರುತ್ತಿತ್ತು.

ನಿಮ್ಮ ಗೇಜ್ ಯಾವುದು ಅಂತ ಗುರುತಿಸುವುದು ಸುಲಭ. ಕೀ ತಿರುಗಿಸಿದ ತಕ್ಷಣ ಮುಳ್ಳು ಟಕ್ ಅಂತ ಏಳುತ್ತಾ, ಅದು ಹಳೇದು. ನಿಧಾನಕ್ಕೆ ತೆವಳಿಕೊಂಡು ಏರಿದರೆ ಹೊಸ ಥರದ್ದು. 1955ರದ್ದು ಯಾರೂ ಬದಲಿಸದೇ ಇದ್ದರೆ ಹಳೇದೇ.

ಈಗ ಪರೀಕ್ಷೆ. ಗಾಳಿಯಾಡುವ ಕಡೆ ಗಾಡಿ ನಿಲ್ಲಿಸಿ, ಹತ್ತಿರ ಬೀಡಿ, ಬೆಂಕಿ ಏನೂ ಬೇಡ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದರೆ ಟ್ಯಾಂಕ್ ಮೇಲೆ ಸೆಂಡರಿನ ದುಂಡು ಮುಚ್ಚಳ ಕಾಣುತ್ತೆ. ಕೀ ಆಫ್ ಮಾಡಿ ಅದರ ವೈರ್ ಬಿಚ್ಚಿ. ಆ ವೈರಿಗೆ ಇನ್ನೊಂದು ಉದ್ದನೆಯ ವೈರ್ ಸೇರಿಸಿ ಟ್ಯಾಂಕಿನಿಂದ ದೂರ ಎಳೆದುಕೊಂಡು ಬನ್ನಿ. ಅದನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಕಟ್ಟಿ ಕೀ ಆನ್ ಮಾಡಿದರೆ ಮುಳ್ಳು ಇ (ಖಾಲಿ) ಕಡೆಗೆ ಬೀಳಬೇಕು. ಬಿಡಿಸಿದರೆ ಎಫ್‌ಗೆ ಹೋಗಬೇಕು. ಹಾಗಾದರೆ ಗೇಜ್, ವೈರ್ ಎರಡೂ ಸರಿಯಿವೆ. ಮೈನರ್ ಪಾಸಿಟಿವ್ ಅರ್ತ್ ಗಾಡಿ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುವುದು) ಅಲ್ವಾ, ಅದರಿಂದ ಈ ಪರೀಕ್ಷೆಗೆ ಏನೂ ವ್ಯತ್ಯಾಸವಿಲ್ಲ.

ನನ್ನ ಅನುಮಾನ ನಿಮ್ಮ ಹೊಸ ಬಣ್ಣದ ಮೇಲೆ. ಸೆಂಡರ್ ಮತ್ತು ಟ್ಯಾಂಕ್ ಮಧ್ಯೆ ಕಾರ್ಕ್ ಗ್ಯಾಸ್ಕೆಟ್ ಇದೆ, ಅದರಲ್ಲಿ ಕರೆಂಟ್ ಹರಿಯಲ್ಲ. ಅರ್ತ್, ಅಂದರೆ ಕರೆಂಟಿಗೆ ಬಾಡಿಯ ಜೊತೆ ಸಂಪರ್ಕ, ಸಿಗುವುದು ಸ್ಕ್ರೂಗಳ ಮೂಲಕ, ಅಲ್ಲಿಂದ ಟ್ಯಾಂಕ್, ಅಲ್ಲಿಂದ ಬಾಡಿ. ಎಲ್ಲಾ ಕಡೆ ದಪ್ಪಗೆ ಬಣ್ಣ ಹೊಡೆದುಬಿಟ್ಟರೆ ಆ ದಾರಿ ಮುಚ್ಚಿಹೋಗುತ್ತೆ, ಮುಳ್ಳು ಎಫ್‌ನಲ್ಲಿ ನಿಲ್ಲುತ್ತೆ. ಸೆಂಡರಿನ ವೈರನ್ನು ಮತ್ತೆ ಜೋಡಿಸಿ. ಬ್ಯಾಟರಿ ಕಳಚಿ ಒಂದು ಸ್ಕ್ರೂ ಕೆಳಗೆ ವೈರ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಡಿಯ ಬೋಲ್ಟಿಗೆ ಬಿಗಿ ಮಾಡಿ. ಬ್ಯಾಟರಿ ಜೋಡಿಸಿ ನೋಡಿ. ಮುಳ್ಳು ಇಳಿದರೆ ಕೆಲಸ ಮುಗೀತು. ಆ ವೈರ್ ಹಾಗೇ ಇರಲಿ.

ಇಳಿಯದಿದ್ದರೆ ಸೆಂಡರ್ ಬಿಚ್ಚಿ. ಬ್ಯಾಟರಿ ಮತ್ತೆ ಕಳಚಿರಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಷ್ಟೂ ಒಳ್ಳೇದು. ಮುಚ್ಚಳ ಯಾವ ದಿಕ್ಕಿಗೆ ಕೂತಿತ್ತು ಅಂತ ಗುರುತು ಹಾಕಿಕೊಳ್ಳಿ. ಹೊರತೆಗೆದ ಮೇಲೆ ಟ್ಯಾಂಕಿನ ತೂತು ಮುಚ್ಚಿ.

ಒಳಗಡೆ ಒಂದು ಚಪ್ಪಟೆ ಪಟ್ಟಿಗೆ ಕೂದಲಿನಷ್ಟು ಸಣ್ಣ ತಂತಿ ಒತ್ತೊತ್ತಾಗಿ ಸುತ್ತಿರುತ್ತೆ. ಅದರ ಮೇಲೆ ಪುಟ್ಟ ಹಿತ್ತಾಳೆ ನಾಲಿಗೆ ಉಜ್ಜಿಕೊಂಡು ಓಡಾಡುತ್ತೆ. ಭೂತಗನ್ನಡಿ ಹಿಡಿದು ನೋಡಿ. ನನ್ನ ಗಾಡಿಯ ಮೂಲ ಸೆಂಡರಿನಲ್ಲಿ ನಾಲಿಗೆ ಓಡಿದ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನಡುವೆ ಎರಡು ಸುತ್ತು ಸವೆದು ತುಂಡಾಗಿದ್ದವು, ಒಂದು ತುದಿಯಲ್ಲಿ ಹಳೇ ಪೆಟ್ರೋಲಿನ ಕಂದು ಅಂಟು. ಮರಳು ಕಾಗದ ಹಚ್ಚಲೇಬೇಡಿ, ಇರುವ ತಂತಿಯೂ ಹೋಗುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ತುಂಡಾದ ಜಾಗಕ್ಕೆ ನಾನು ಮಾಡಿದ್ದು ಇಷ್ಟೇ: ನಾಲಿಗೆಯನ್ನು ಒಂದು ಕೂದಲೆಳೆ ಪಕ್ಕಕ್ಕೆ ಬಾಗಿಸಿದೆ. ಸವೆಯದ, ಅಂಚಿನ ಕಡೆಯ ತಂತಿಯ ಮೇಲೆ ಅದು ಈಗ ಓಡುತ್ತಿದೆ. ನನ್ನದರಲ್ಲಿ ಮುರಿದಿದ್ದು ಹಳೇ ಗೆರೆಯ ಮೇಲೆ ಮಾತ್ರ, ಆ ಎರಡು ಸುತ್ತನ್ನು ಪಕ್ಕದ ಸುತ್ತಿಗೆ ತಾಗಿಸಿ ಸೇರಿಸಿದ ಮೇಲೆ ಸಂಪರ್ಕ ಸಿಕ್ಕಿತು. ಪಟ್ಟಿಯ ತುಂಬಾ ತುಂಡಾಗಿದ್ದರೆ ಅದೇ ದಪ್ಪದ ನೈಕ್ರೋಮ್ ತಂತಿಯಿಂದ ಮತ್ತೆ ಸುತ್ತಿಸಬೇಕು.

ಫ್ಲೋಟ್, ಅಂದರೆ ಪೆಟ್ರೋಲ್ ಮೇಲೆ ತೇಲುವ ಭಾಗ, ಕೂಡ ನೋಡಿ. ಹಿತ್ತಾಳೆಯದಾದರೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ಪೆಟ್ರೋಲ್ ಹೋಗಿದೆ. ಬಿಸಿ ನೀರಿನಲ್ಲಿ ಮುಳುಗಿಸಿದರೆ ತೂತಿರುವ ಕಡೆಯಿಂದ ಗುಳ್ಳೆ ಬರುತ್ತೆ. ಒಲೆಯ ಹತ್ತಿರ ಮಾತ್ರ ಇದನ್ನು ಮಾಡಬೇಡಿ. ಒಳಗಿನ ಪೆಟ್ರೋಲ್ ಮತ್ತು ಅದರ ಆವಿ ಪೂರ್ತಿ ಹೋಗುವ ತನಕ ತೂತು ಮುಚ್ಚಲು ಸಾಲ್ಡರಿಂಗ್ ಐರನ್ ಮುಟ್ಟಿಸಬೇಡಿ, ಸಿಡಿಯುತ್ತೆ. ಕಾರ್ಕ್ ಫ್ಲೋಟ್ ಆದರೆ ಇನ್ನೊಂದು ತೊಂದರೆ. ಹಳೇ ಕಾರ್ಕಿಗೆ ಅರಗಿನ ಲೇಪ ಇರುತ್ತಿತ್ತು, ಎಥೆನಾಲ್ ಅದನ್ನು ಕರಗಿಸುತ್ತೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 (ಶೇಕಡಾ 20 ಎಥೆನಾಲ್ ಬೆರೆತ) ಪೆಟ್ರೋಲ್ ಬಿಡುಗಡೆಯಾಯಿತು. ಈಗ ಬಂಕಿನಲ್ಲಿ ಹಾಕಿಸುವ ಪೆಟ್ರೋಲಿಗೆ ಹಳೇ ಕಾರ್ಕ್ ತಡೆಯಲ್ಲ. ಹಿತ್ತಾಳೆಯದನ್ನೇ ಹಾಕಿ.

ಮುಚ್ಚುವ ಮುಂಚೆ ಮಲ್ಟಿಮೀಟರಿನ ಒಂದು ತುದಿ ಟರ್ಮಿನಲ್‌ಗೆ, ಇನ್ನೊಂದು ಮುಚ್ಚಳದ ಲೋಹಕ್ಕೆ ಹಿಡಿದು ಫ್ಲೋಟ್ ಕಡ್ಡಿಯನ್ನು ನಿಧಾನವಾಗಿ ಎತ್ತಿ. ಅಂಕಿ ಎಲ್ಲೂ ಎಗರದೆ, ನಿಲ್ಲದೆ ಏರಬೇಕು. ಗ್ಯಾಸ್ಕೆಟ್ ಮಾತ್ರ ಹೊಸದೇ ಹಾಕಿ. ಆಮೇಲೆ ನಿಮ್ಮ 5 ಗ್ಯಾಲನ್ ಟ್ಯಾಂಕಿಗೆ, ಅಂದರೆ ಸುಮಾರು 22.7 ಲೀಟರಿಗೆ, ಐದೈದು ಲೀಟರ್ ಹಾಕುತ್ತಾ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ಬರೆದಿಟ್ಟುಕೊಳ್ಳಿ.

ವೈರ್ ಬಿಚ್ಚಿದಾಗ, ಬಾಡಿಗೆ ತಾಗಿಸಿದಾಗ ಮುಳ್ಳು ಏನು ಮಾಡಿತು, ಮೀಟರಿನಲ್ಲಿ ಎಷ್ಟು ಓಮ್ ಬಂತು, ಇಲ್ಲೇ ಬರೆಯಿರಿ. ಮುಂದಿನದನ್ನು ನೋಡಿ ಹೇಳುತ್ತೇನೆ.