ಹೊಸ ಎಚ್‌ಐವಿ ಸೋಂಕು ಸಂಗಾತಿಯಿಂದಲೇ ಬಂತೆಂದು ಸಂಶೋಧಕರಿಗೆ ಗೊತ್ತಾಗುವುದು ಹೇಗೆ?

ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ ಜೋಡಿಗಳನ್ನು ಇಬ್ಬರ ಒಪ್ಪಿಗೆ ಪಡೆದೇ ವರ್ಷಗಟ್ಟಲೆ ಗಮನಿಸುತ್ತಾರೆ. ಸೋಂಕಿತರ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ), ಸಂಗಾತಿಯ ರಕ್ತಪರೀಕ್ಷೆ, ಕಾಂಡೋಮ್ ಬಳಕೆಯ ವಿವರ ಎಲ್ಲವೂ ಹೆಸರಿನ ಬದಲು ಸಂಕೇತ ಸಂಖ್ಯೆಯಡಿ ದಾಖಲಾಗುತ್ತವೆ.

ಇಷ್ಟನ್ನೇ ನಂಬಿದರೆ ಎಡವಟ್ಟು. ಸೋಂಕು ಬೇರೆಯವರಿಂದಲೂ ಬಂದಿರಬಹುದಲ್ಲ! ಅದಕ್ಕೇ ಇಬ್ಬರ ದೇಹದಲ್ಲಿರುವ ವೈರಸ್‌ಗಳ ಜೀನ್ ಅನುಕ್ರಮವನ್ನು ಹೋಲಿಸುತ್ತಾರೆ. ಈ ವೈರಸ್ ಬೇಗ ಬೇಗ ರೂಪಾಂತರಗೊಳ್ಳುವುದರಿಂದ ನಂಟಿಲ್ಲದ ವೈರಸ್‌ಗಳ ಅನುಕ್ರಮ ಸಾಕಷ್ಟು ಬೇರೆಯಾಗಿಯೇ ಇರುತ್ತದೆ. ಹೀಗಾಗಿ ‘ಇವರಿಂದಲ್ಲ’ ಎನ್ನುವುದು ಸುಲಭ. ‘ಇವರಿಂದಲೇ’ ಎನ್ನುವುದು ಕಷ್ಟ, ಮೂರನೆಯವರೊಬ್ಬರು ನಡುವೆ ಇರಬಹುದು.

2019ರಲ್ಲಿ ಪ್ರಕಟವಾದ ಪಾರ್ಟ್‌ನರ್-2 ಅಧ್ಯಯನದ 782 ಸಲಿಂಗಿ ಪುರುಷ ಜೋಡಿಗಳಲ್ಲಿ 15 ಮಂದಿಗೆ ಹೊಸದಾಗಿ ಸೋಂಕು ತಗುಲಿತು. ಚಿಕಿತ್ಸೆಯಿಂದ ವೈರಸ್ ಹತೋಟಿಯಲ್ಲಿದ್ದ ಸಂಗಾತಿಯ ವೈರಸ್‌ಗೆ ಆ 15 ಮಂದಿಯ ವೈರಸ್‌ಗಳಲ್ಲಿ ಒಂದೂ ಹೊಂದಲಿಲ್ಲ.