ಹಳಬರಿಗೆ ತಟ್ಟದ ಬಿಸಿಲು ಹೊಸಬನಿಗೇಕೆ?

ನೀರು ಕುಡಿಯುತ್ತಲೇ ಇದ್ದರೂ ಬಿಸಿಲಿನ ಕೆಲಸಕ್ಕೆ ಸೇರಿದ ಹೊಸ ಹುಡುಗ ಎರಡನೇ ದಿನವೇ ತಲೆಸುತ್ತಿ ಕೂತ, ಪಕ್ಕದಲ್ಲೇ ಇದ್ದ ಹಳಬರಿಗೆ ಏನೂ ಆಗಲಿಲ್ಲ, ಯಾಕೆ ಎಂದು ಕೇಳಿದ್ದೀರಿ. ಅವನು ಸೋಮಾರಿಯಲ್ಲ, ಮೈ ಇನ್ನೂ ಬಿಸಿಲಿಗೆ ಒಗ್ಗಿಲ್ಲ ಅಷ್ಟೇ. ಒಗ್ಗಿದ ಮೈ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಆ ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಹಾಗೆ ಒಗ್ಗಲು 7ರಿಂದ 14 ದಿನ ಬೇಕು. ಮೊದಲ ದಿನ ಬಿಸಿಲಲ್ಲಿ ಪಾಳಿಯ ಐದನೇ ಒಂದು ಭಾಗ ಮಾತ್ರ ದುಡಿಸಿ, ದಿನದಿನಕ್ಕೆ ಅಷ್ಟಷ್ಟೇ ಏರಿಸಿ. ಕೆಲವು ವಾರ ರಜೆ ಮುಗಿಸಿ ಬಂದ ಹಳಬರೂ ಹೊಸಬರೇ. (ಇದನ್ನು ಮಾತ್ರ ಮೇಸ್ತ್ರಿಗಳು ಸುಲಭಕ್ಕೆ ಒಪ್ಪುವುದಿಲ್ಲ!)

ನೀರು 15–20 ನಿಮಿಷಕ್ಕೊಮ್ಮೆ ಒಂದು ಲೋಟ. ಗಂಟೆಗೆ ಒಂದೂವರೆ ಲೀಟರ್ ಮೀರುವುದು ಬೇಡ, ರಕ್ತದ ಉಪ್ಪಿನಂಶ ಇಳಿದು ಅದೇ ಅಪಾಯ ತರುತ್ತದೆ.

ಬರೀ ತಲೆಸುತ್ತಾದರೆ ನೆರಳು, ನೀರು, ವಿಶ್ರಾಂತಿ ಸಾಕಾಗಬಹುದು. ಮಾತು ತೊದಲಿದರೆ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಟ್ಟರೆ ಹೀಟ್ ಸ್ಟ್ರೋಕ್ (ಮೈಬಿಸಿ ಮಿತಿಮೀರಿ ಜೀವಕ್ಕೇ ಕುತ್ತು ತರುವ ಸ್ಥಿತಿ) ಎಂದೇ ತಿಳಿಯಿರಿ. ಇನ್ನೂ ಬೆವರುತ್ತಿದ್ದಾನಲ್ಲ ಎಂದು ಸುಮ್ಮನಿರಬೇಡಿ. ಆಂಬುಲೆನ್ಸ್‌ಗೆ ಫೋನ್ ಮಾಡಿಸಿ, ಅದು ಬರುವ ತನಕ ಮೈಮೇಲೆ ತಣ್ಣೀರು ಸುರಿಯುತ್ತಲೇ ಇರಿ, ಗಾಳಿ ಬೀಸಿ. ಪ್ರಜ್ಞೆ ಮಂಕಾದವನ ಬಾಯಿಗೆ ಮಾತ್ರ ನೀರು ಬಿಡಬೇಡಿ.