ನನ್ನದಲ್ಲದ ಭಾಷೆಯಲ್ಲಿ ಮಗಳನ್ನು ಬೆಳೆಸಬಹುದೇ?

ಪ್ರಶ್ನೆ: ನಮ್ಮ ಮಗಳಿಗೆ ಈಗ ಎರಡು ವರ್ಷ ಎರಡು ತಿಂಗಳು. ನನ್ನ ಪತಿ ಅವಳೊಂದಿಗೆ ನಮ್ಮಿಬ್ಬರ ಮಾತೃಭಾಷೆಯಲ್ಲೇ ಮಾತನಾಡುತ್ತಾರೆ. ನಾನು ಮಾತ್ರ ಅವಳು ಹುಟ್ಟಿದಾಗಿನಿಂದ, ಕಾಲೇಜಿನಲ್ಲಿ ಕಲಿತ ಇನ್ನೊಂದು ಭಾಷೆಯನ್ನು ಬಳಸುತ್ತಿದ್ದೇನೆ. ಆ ಭಾಷೆ ನನಗೆ ಸರಾಗವಾಗಿ ಬರುತ್ತದೆಯಾದರೂ ಆಗಾಗ ತಪ್ಪುಗಳು ನುಸುಳುತ್ತವೆ, ಉಚ್ಚಾರಣೆಯೂ ಆ ಭಾಷಿಕರದ್ದರಂತಿಲ್ಲ. ಮಗಳಿಗೆ ನನ್ನ ಮಾತು ಅರ್ಥವಾಗುತ್ತದೆ, ಆದರೆ ಉತ್ತರಿಸುವುದು ಮಾತೃಭಾಷೆಯಲ್ಲಿ. ಎರಡು ಭಾಷೆಗಳಿಂದ ಮಗುವಿಗೆ ಮಾತು ತಡವಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದಾರೆ. ಮೊನ್ನೆ ಅವಳು ಬಿದ್ದು ಅತ್ತಾಗ ಸಮಾಧಾನದ ಒಂದು ಮಾತೂ ನನಗೆ ಆ ಭಾಷೆಯಲ್ಲಿ ಹೊಳೆಯಲಿಲ್ಲ. ಮುಂದುವರಿಸಲೇ, ನಿಲ್ಲಿಸಲೇ?

ಉತ್ತರ: ಮುಂದುವರಿಸಿ, ಆದರೆ ಇಡೀ ದಿನವನ್ನು ಆ ಭಾಷೆಗೆ ಒಪ್ಪಿಸಬೇಡಿ. ಹೀಗೆ ಹೇಳಲು ಕಾರಣ ನಿಮ್ಮ ವ್ಯಾಕರಣದ ತಪ್ಪುಗಳಲ್ಲ, ಮಗು ಬಿದ್ದು ಅತ್ತ ಆ ಗಳಿಗೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ತಪ್ಪುಗಳ ಬಗ್ಗೆ ನಿಮ್ಮಷ್ಟೇ ಅಳುಕುವ ಪೋಷಕರು ಬಹಳ ಮಂದಿ. ಅಮೆರಿಕದ ಸಂಶೋಧಕಿಯರಾದ ಜೆನ್ನಿ ಸಿಂಗಲ್‌ಟನ್ ಮತ್ತು ಎಲಿಸ್ಸಾ ನ್ಯೂಪೋರ್ಟ್ 2004ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಅಳುಕಿಗೆ ನೇರವಾಗಿ ಸಂಬಂಧಿಸಿದ್ದು. ಅದರಲ್ಲಿ ಸೈಮನ್ ಎಂದು ಕರೆಯಲಾದ ಕಿವುಡ ಬಾಲಕನಿಗೆ ಅಮೆರಿಕದ ಸಂಜ್ಞಾ ಭಾಷೆ ಸಿಗುತ್ತಿದ್ದದ್ದು ತಂದೆತಾಯಿಯಿಂದ ಮಾತ್ರ. ಅವರಾದರೋ ಅದನ್ನು ಹದಿಹರೆಯದಲ್ಲಿ ಕಲಿತವರು, ಚಲನೆಯನ್ನು ಸೂಚಿಸುವ ಕ್ರಿಯಾಪದಗಳಲ್ಲಿ ಮೇಲಿಂದ ಮೇಲೆ ತಪ್ಪುತ್ತಿದ್ದವರು. ಆದರೂ ಏಳನೆಯ ವಯಸ್ಸಿಗೆ ಆ ಹುಡುಗ ವ್ಯಾಕರಣದ ಅನೇಕ ಅಂಶಗಳಲ್ಲಿ ತಂದೆತಾಯಿಯನ್ನು ಮೀರಿಸಿದ್ದ. ಒಂದು ರೂಪವನ್ನು ಅವರು ಹೆಚ್ಚಿನ ಸಲ ಸರಿಯಾಗಿ ಬಳಸುತ್ತಿದ್ದರೆ ಸಾಕು, ಅವನು ಅದನ್ನೇ ನಿಯಮವಾಗಿ ಹಿಡಿದು ಉಳಿದದ್ದನ್ನು ಬಿಟ್ಟುಬಿಡುತ್ತಿದ್ದ. ಆದರೆ ಕೈಯ ಆಕಾರಕ್ಕೆ ಸಂಬಂಧಿಸಿದ ಕೆಲವು ರೂಪಗಳಲ್ಲಿ, ತಂದೆತಾಯಿಯ ಬಳಕೆ ತೀರಾ ಗೊಂದಲಮಯವಾಗಿದ್ದ ಕಡೆ, ಅವನೂ ಹಿಂದುಳಿದಿದ್ದ. ಹತ್ತರಲ್ಲಿ ಒಂದೆರಡು ಸಲ ನೀವು ಎಡವುವ ಪದರೂಪದ ಬಗ್ಗೆ ಚಿಂತೆ ಬೇಡ. ನಿಮಗೇ ಖಚಿತವಿಲ್ಲದೆ ಒಮ್ಮೆ ಹೀಗೆ ಒಮ್ಮೆ ಹಾಗೆ ಹೇಳುವ ರೂಪಗಳನ್ನು ಗುರುತು ಹಾಕಿಕೊಂಡು ಕಲಿತುಕೊಳ್ಳಿ.

ತಪ್ಪಿಗಿಂತ ಕೊರತೆ ದೊಡ್ಡದು. ತರಗತಿಯಲ್ಲಿ ಭಾಷೆ ಕಲಿತವರಿಗೆ ಅರ್ಥವ್ಯವಸ್ಥೆ, ಚುನಾವಣೆ ಎಂಬ ಪದಗಳು ಬಾಯಿಗೆ ಬರುತ್ತವೆ, ಬಿಕ್ಕಳಿಕೆ, ಕಚಗುಳಿ, ಮಂಡಿ ತರಚಿದ್ದು, ನೊರೆ ಕಣ್ಣಿಗೆ ಹೋದದ್ದು ಬರುವುದಿಲ್ಲ. ಎರಡು ವರ್ಷದ ಮಗುವಿನ ಲೋಕ ಇರುವುದು ಈ ಎರಡನೆಯ ಪಟ್ಟಿಯಲ್ಲಿ. ಮಗುವಿಗೆ ಸ್ನಾನ ಮಾಡಿಸುವಾಗ ನೀವು ಮಾತೃಭಾಷೆಯಲ್ಲಾದರೆ ಸಹಜವಾಗಿ ಆಡಬಹುದಾದ ಮಾತುಗಳನ್ನೆಲ್ಲ ಒಂದು ದಿನ ಬರೆದಿಟ್ಟುಕೊಳ್ಳಿ: "ತಲೆ ಬಗ್ಗಿಸು, ಕಣ್ಣು ಮುಚ್ಚಿಕೋ, ಇನ್ನೊಂದೇ ಚೊಂಬು, ಆಯ್ತು ಆಯ್ತು." ಇವುಗಳಲ್ಲಿ ಎಷ್ಟನ್ನು ಆ ಭಾಷಿಕಳಾದ ತಾಯಿ ಹೇಳುವಂತೆಯೇ ಹೇಳಬಲ್ಲೆ ಎಂದು ನೋಡಿಕೊಂಡರೆ, ಏನನ್ನು ಕಲಿಯಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಚಿಕ್ಕ ಮಕ್ಕಳ ಚಿತ್ರಪುಸ್ತಕಗಳು ಈ ವಿಷಯದಲ್ಲಿ ನಿಘಂಟಿಗಿಂತ ಉಪಯುಕ್ತ.

ಉಚ್ಚಾರಣೆಯ ಮಾತು ಬೇರೆ. ಅದನ್ನು ನೀವೊಬ್ಬರೇ ಕೊಡಲಾರಿರಿ, ಕೊಡಬೇಕಾಗಿಯೂ ಇಲ್ಲ. ಆದರೆ ಬೇರೆ ಯಾರಾದರೂ ಕೊಡಬೇಕು. ಸಿಲ್ವಿಯಾ ಪ್ಲೇಸ್ ಮತ್ತು ಎರಿಕಾ ಹಾಫ್ 2011ರಲ್ಲಿ ಎರಡು ವರ್ಷದ ದ್ವಿಭಾಷಿ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಮಗು ಭಾಷೆಯನ್ನು ಎಷ್ಟು ಕೇಳುತ್ತದೆ ಎಂಬುದರ ಜೊತೆಗೆ ಎಷ್ಟು ಬೇರೆ ಬೇರೆ ಜನರಿಂದ ಕೇಳುತ್ತದೆ, ಅವರಲ್ಲಿ ಆ ಭಾಷೆ ಹುಟ್ಟಿನಿಂದ ಬಂದವರೆಷ್ಟು ಎಂಬುದಕ್ಕೂ ಮಗುವಿನ ಭಾಷಾ ಬೆಳವಣಿಗೆಗೂ ಸಂಬಂಧ ಕಂಡುಬಂತು. ಈ ಕೊರತೆಯನ್ನು ತುಂಬಲು ಮೊಬೈಲ್ ಮುಂದೆ ಕೂರಿಸಿದರೆ ಸಾಲದು. ಪೆಟ್ರೀಷಿಯಾ ಕುಲ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಕೇಳುತ್ತಿದ್ದ ಒಂಬತ್ತು ತಿಂಗಳ ಶಿಶುಗಳೊಂದಿಗೆ ಮ್ಯಾಂಡರಿನ್ ಭಾಷಿಕರು ಎದುರಿಗೆ ಕೂತು 12 ಬಾರಿ ಆಡಿ, ಓದಿ ಹೇಳಿದಾಗ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಗುರುತಿಸಲು ಕಲಿತವು. ಅದೇ ಜನರ ಧ್ವನಿಮುದ್ರಣವನ್ನು ಅಥವಾ ವಿಡಿಯೊವನ್ನು ಕಂಡು ಕೇಳಿದವು ಕಲಿಯಲಿಲ್ಲ. ಆ ಭಾಷೆಯ ಒಂದು ಕುಟುಂಬ, ಒಬ್ಬ ಆಟದ ಜೊತೆಗಾರ, ವಾರಕ್ಕೆ ಒಂದೆರಡು ಮಧ್ಯಾಹ್ನ ಬಂದು ಕಥೆ ಹೇಳುವ ಒಬ್ಬರು ಸಿಕ್ಕರೆ ಬಹಳ ಒಳ್ಳೆಯದು. ಯಾರೂ ಎದುರಿಗೆ ಸಿಗದಿದ್ದರೆ ವಿಡಿಯೊ ಕರೆಯಾದರೂ ಇರಲಿ. ಅಲ್ಲಿ ಮಗುವಿನ ಮಾತಿಗೆ ಮರುಮಾತಾದರೂ ಬರುತ್ತದೆ.

ಅವಳು ಮಾತೃಭಾಷೆಯಲ್ಲಿ ಉತ್ತರಿಸುವುದು ಅಪರೂಪವೇನಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದ ಸುಮಾರು 1,900 ಕುಟುಂಬಗಳ ಸಮೀಕ್ಷೆಯನ್ನು ಅನಿಕ್ ಡೆ ಹೌವರ್ 2007ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಎರಡು ಭಾಷೆ ಕೇಳಿಯೂ ಒಂದನ್ನು ಮಾತ್ರ ಆಡುವ ಮಕ್ಕಳು ಅಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು. ಅವಳು "ಚೆಂಡು ಬೇಕು" ಎಂದರೆ ಅರ್ಥವಾಗದಂತೆ ನಟಿಸಬೇಡಿ, "ಸರಿಯಾಗಿ ಹೇಳು" ಎಂದು ಚೆಂಡನ್ನು ಹಿಡಿದಿಟ್ಟುಕೊಳ್ಳಬೇಡಿ. "ಚೆಂಡು ಬೇಕಾ? ಕೆಂಪು ಚೆಂಡೋ, ನೀಲಿ ಚೆಂಡೋ?" ಎಂದು ನಿಮ್ಮ ಆ ಭಾಷೆಯಲ್ಲಿ ಕೇಳಿ, ಒಂದು ಕ್ಷಣ ಕಾಯಿರಿ. ಬೇಕಾದ ಪದ ಪ್ರಶ್ನೆಯೊಳಗೇ ಇರುವುದರಿಂದ ಅವಳು ಅದನ್ನು ಎತ್ತಿಕೊಂಡಾಳು. ಎತ್ತಿಕೊಳ್ಳದಿದ್ದರೂ ಚೆಂಡನ್ನು ಕೊಟ್ಟುಬಿಡಿ.

ಹಿರಿಯರ ಭಯಕ್ಕೆ ಆಧಾರವಿಲ್ಲ. ಎರಡು ಭಾಷೆಗಳು ಮಾತಿನ ತೊಂದರೆಯನ್ನು ಉಂಟುಮಾಡುವುದಿಲ್ಲ. ಪದಗಳನ್ನು ಎಣಿಸುವಾಗ ಎರಡೂ ಭಾಷೆಗಳದ್ದನ್ನು ಸೇರಿಸಿ ಎಣಿಸಬೇಕು, ಅಷ್ಟೇ. ಹಾಗೆ ಎಣಿಸಿದ ಮೇಲೂ ಈ ವಯಸ್ಸಿನಲ್ಲಿ 50 ಪದಗಳಿಲ್ಲದಿದ್ದರೆ, ಅಥವಾ ಎರಡೆರಡು ಪದ ಜೋಡಿಸಿ ಆಡುತ್ತಿಲ್ಲವಾದರೆ, ಶ್ರವಣ ಪರೀಕ್ಷೆ ಮಾಡಿಸಿ, ವಾಕ್ ತಜ್ಞರನ್ನು ಕಾಣಿ. ಮಾತು ಬರಲೆಂದು ಒಂದು ಭಾಷೆಯನ್ನು ಕೈಬಿಡುವ ಅಗತ್ಯವಿಲ್ಲ.

ಇನ್ನು ಆ ಅಳುವಿನ ಗಳಿಗೆ. ಹೀಬ್ರೂವನ್ನು ಮತ್ತೆ ಆಡುಭಾಷೆಯಾಗಿಸಲು ಪಣತೊಟ್ಟ ಎಲಿಯೇಜರ್ ಬೆನ್ ಯೆಹೂದಾ ಅವರ ಮಾತೃಭಾಷೆ ಯಿಡ್ಡಿಷ್. ಆದರೆ 1882ರಲ್ಲಿ ಹುಟ್ಟಿದ ಮಗನ ಕಿವಿಗೆ ಹೀಬ್ರೂ ಬಿಟ್ಟು ಬೇರೆ ಭಾಷೆ ಬೀಳಬಾರದೆಂದು ಅವರು ಕಟ್ಟುಪಾಡು ಮಾಡಿದ್ದರು. ತಾಯಿ ಒಮ್ಮೆ ರಷ್ಯನ್ ಜೋಗುಳ ಹಾಡಿದ್ದಕ್ಕೆ ತಂದೆ ಕೆಂಡವಾದದ್ದನ್ನು ಆ ಮಗನೇ ಮುಂದೆ ಬರೆದಿದ್ದಾನೆ. ಮಗ ಹೀಬ್ರೂ ಕಲಿತ, ನಿಜ. ಆದರೂ ನಾನು ಆ ತಾಯಿಯ ಪರ. ಗಾಬರಿಯಲ್ಲಿ, ಮುದ್ದಿನಲ್ಲಿ, ಕೋಪದಲ್ಲಿ ತಾಯಿಯ ಬಾಯಿಗೆ ತಾನಾಗಿ ಬರುವ ಮಾತನ್ನು ತಡೆದು, ಮನಸ್ಸಿನಲ್ಲೇ ಅನುವಾದಿಸಿ ಆಡಿಸಿದರೆ, ಆ ಎರಡು ಕ್ಷಣ ಮಗುವಿನ ಎದುರು ಇರುವುದು ಮಾತು ಮರೆತ ಮುಖ.

ಹಾಗಾಗಿ ಭಾಷೆಯನ್ನು ವ್ಯಕ್ತಿಗೆ ಕಟ್ಟುವ ಬದಲು ಹೊತ್ತಿಗೆ ಕಟ್ಟಿ. ಬೆಳಗಿನ ಸ್ನಾನ, ಆಟ, ಪುಸ್ತಕ, ಸಂಜೆಯ ನಡಿಗೆ ಆ ಭಾಷೆಗಿರಲಿ. ದಿನವೂ ಅದೇ ಹೊತ್ತಿಗೆ, ತಪ್ಪದೆ, ಏಕೆಂದರೆ ಆಗೊಮ್ಮೆ ಈಗೊಮ್ಮೆ ಆಡಿದರೆ ಅವಳು ಕೇಳುವ ಪ್ರಮಾಣ ಸಾಲದಾಗುತ್ತದೆ. ಜ್ವರ, ಗಾಯ, ಜಗಳದ ನಂತರದ ರಾಜಿ, ನಿದ್ದೆಗೆ ಮುಂಚಿನ ಅರ್ಧ ಗಂಟೆ ನಿಮ್ಮ ಮಾತೃಭಾಷೆಗೆ. ಇಷ್ಟು ದಿನ ನಿಮ್ಮ ಬಾಯಿಂದ ಕೇಳದ ಭಾಷೆಯನ್ನು ಈಗ ಕೇಳಿ ಅವಳು ಮೊದಲ ವಾರ ಅಚ್ಚರಿಪಡಬಹುದು. ಇಂದು ರಾತ್ರಿ ನಿಮ್ಮ ತಾಯಿ ನಿಮಗೆ ಹಾಡುತ್ತಿದ್ದ ಜೋಗುಳದಿಂದಲೇ ಶುರುಮಾಡಿ.